20–17ರಲ್ಲಿ ಮುಂದಿದ್ದೂ ಸೋಲುವುದು ಹೇಗೆ? ಪರ್ಫೆಕ್ಷನಿಸಂ ಮತ್ತು ನಮ್ಮ ಆಟಗಾರರು

2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಕಂಚಿನ ಪಂದ್ಯ ಸೋತರು. ಮಲೇಷ್ಯಾದ ಲೀ ಝೀ ಜಿಯಾ ಎದುರು ಮೊದಲ ಗೇಮ್ 21–13ರಲ್ಲಿ ಸಲೀಸಾಗಿ ಗೆದ್ದಿದ್ದರು. ಆಮೇಲೆ 16–21, 11–21. ಅದರ ಹಿಂದಿನ ದಿನದ ಸೆಮಿಫೈನಲ್ ಇನ್ನೂ ವಿಚಿತ್ರ. ಡೆನ್ಮಾರ್ಕಿನ ವಿಕ್ಟರ್ ಅಕ್ಸೆಲ್ಸನ್ ಎದುರು ಮೊದಲ ಗೇಮಿನಲ್ಲಿ 20–17, ಎರಡನೆಯದರಲ್ಲಿ 7–0 ಮುನ್ನಡೆ ಇತ್ತು. ಎರಡೂ ಕೈತಪ್ಪಿದವು.

ಪದಕ ಹೋದದ್ದಕ್ಕಿಂತ ದೊಡ್ಡ ಸುದ್ದಿಯಾದದ್ದು ಆಮೇಲಿನ ಮಾತು. ಲಕ್ಷ್ಯ ಅವರ ಗುರು ಪ್ರಕಾಶ್ ಪಡುಕೋಣೆ ಬೇಸರ ಮುಚ್ಚಿಡಲಿಲ್ಲ. ಸರ್ಕಾರ ಮತ್ತು ಸಂಸ್ಥೆಗಳು ತಮ್ಮ ಕೈಲಾದ್ದೆಲ್ಲ ಮಾಡಿವೆ, ಇನ್ನು ಆಟಗಾರರೇ ಹೊಣೆ ಹೊರಬೇಕು, ಗೆಲ್ಲಬೇಕಾದ ಹೊತ್ತಿನಲ್ಲಿ ಗೆಲ್ಲಬೇಕು ಅನ್ನುವುದು ಅವರ ಮಾತಿನ ತಿರುಳು. ಕೊಡಗಿನ ಮೂಲದ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಇದಕ್ಕೆ ಸಾಮಾಜಿಕ ಜಾಲತಾಣದಲ್ಲಿ ನೇರವಾಗಿಯೇ ಉತ್ತರ ಕೊಟ್ಟರು. ಗೆದ್ದಾಗ ಹೆಸರು ಪಡೆಯಲು ಎಲ್ಲರೂ ಮುಂದೆ ಬರುತ್ತಾರೆ, ಸೋತಾಗ ಮಾತ್ರ ಆಟಗಾರನ ತಪ್ಪೇ? ಸಿದ್ಧತೆ ಸಾಲದಿದ್ದರೆ ಕೋಚ್‌ಗಳು ಯಾಕೆ ಹೊಣೆ ಹೊರುವುದಿಲ್ಲ? ಅಶ್ವಿನಿ ಅದೇ ಕೂಟದಲ್ಲಿ ಸೋತು, ಇದೇ ನನ್ನ ಕೊನೆಯ ಒಲಿಂಪಿಕ್ಸ್ ಎಂದು ಕಣ್ಣೀರು ಹಾಕಿದ್ದರು.

ಓದುಗರಿಗೆ ಗೊಂದಲ ಸಹಜ. ಒಬ್ಬರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಕೂಟ ಗೆದ್ದವರು. ಇನ್ನೊಬ್ಬರು ಮೂರು ಒಲಿಂಪಿಕ್ಸ್ ಆಡಿದವರು. ಇಬ್ಬರೂ ನಮ್ಮವರೇ, ಇಬ್ಬರಿಗೂ ಒಳಗಿನ ಕಷ್ಟ ಗೊತ್ತು. ಹಾಗಿದ್ದೂ ಬೆರಳು ತೋರಿಸುವುದು ಎದುರುಬದುರು ದಿಕ್ಕಿಗೆ. ಯಾರದು ಸರಿ?

ಈ ಜಗಳ ಅಲ್ಲಿಗೇ ಮುಗಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಅನ್ನು 84.03 ಮೀಟರ್ ಎಸೆದು 8ನೇ ಸ್ಥಾನಕ್ಕೆ ಇಳಿದಾಗಲೂ ಇದೇ ಚರ್ಚೆ ಎದ್ದಿತು. ಮನಸ್ಸು ಗಟ್ಟಿ ಇರಬೇಕಿತ್ತು ಅಂದರು ಕೆಲವರು. ಒತ್ತಡ ಹಾಕಬೇಡಿ ಅಂದರು ಇನ್ನು ಕೆಲವರು. ಎರಡೂ ಅರ್ಧ ನಿಜ. ಉಳಿದರ್ಧ ಗೊತ್ತಾಗಬೇಕಾದರೆ, ನಾವು ಹೊಗಳಿಕೆ ಎಂದು ತಿಳಿದಿರುವ ಒಂದು ಪದವನ್ನು ಬಿಚ್ಚಿ ನೋಡಬೇಕು.

ಒಂದೇ ಪದ, ಎರಡು ಸ್ವಭಾವ

ಕೆಲಸದ ಸಂದರ್ಶನದಲ್ಲಿ 'ನಿಮ್ಮ ದೌರ್ಬಲ್ಯ ಏನು?' ಎಂದು ಕೇಳಿದರೆ 'ನಾನು ಪರ್ಫೆಕ್ಷನಿಸ್ಟ್' ಎಂದು ಹೇಳುವವರಿದ್ದಾರಲ್ವಾ? ದೌರ್ಬಲ್ಯದ ಹೆಸರಿನಲ್ಲಿ ಸುಮ್ನೆ ಒಂದು ಜಂಬ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವ ಹಟ ಕೆಟ್ಟದ್ದಾಗಲು ಹೇಗೆ ಸಾಧ್ಯ ಅನ್ನುವುದು ನಮ್ಮ ನಂಬಿಕೆ.

ಮನಶ್ಶಾಸ್ತ್ರಜ್ಞರು ಇದನ್ನು ಎರಡಾಗಿ ಸೀಳಿ ನೋಡುತ್ತಾರೆ. ಮೊದಲನೆಯದು, ಎತ್ತರದ ಗುರಿ ಇಟ್ಟುಕೊಂಡು ಅದಕ್ಕಾಗಿ ಬೆವರು ಸುರಿಸುವುದು. ಎರಡನೆಯದು, ತಪ್ಪಾಗಿಬಿಟ್ಟರೆ ಅನ್ನುವ ಚಿಂತೆ, ತಪ್ಪಾದ ಮೇಲೆ ತನ್ನನ್ನೇ ಹಳಿದುಕೊಳ್ಳುವುದು, 'ನಾನು ಸೋತೆ' ಎಂಬಲ್ಲಿಂದ 'ನಾನು ಲಾಯಕ್ಕಿಲ್ಲ' ಎಂಬಲ್ಲಿಗೆ ಒಂದೇ ನೆಗೆತಕ್ಕೆ ಹಾರುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಇಬ್ಬರೂ ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿರುತ್ತಾರೆ, ಇಬ್ಬರೂ ಕೊನೆಗೆ ಮನೆಗೆ ಹೋಗುವವರು. ಗೆಲ್ಲುತ್ತಿರುವವರೆಗೂ ವ್ಯತ್ಯಾಸ ತಿಳಿಯುವುದೇ ಇಲ್ಲ. ಸೋತ ದಿನ ಮಾತ್ರ ಬಯಲಾಗುತ್ತದೆ.

ಮೊದಲನೆಯ ಥರದವರಿಗೂ ಸೋಲು ನೋಯಿಸುತ್ತದೆ. ಅಳುತ್ತಾರೆ, ಸಿಟ್ಟಾಗುತ್ತಾರೆ. 2025ರ ಜೂನ್‌ನಲ್ಲಿ ನಾರ್ವೆ ಚೆಸ್ ಕೂಟದಲ್ಲಿ ಡಿ. ಗುಕೇಶ್ ಎದುರು ಗೆಲ್ಲುವ ಆಟ ಕಳೆದುಕೊಂಡ ಮ್ಯಾಗ್ನಸ್ ಕಾರ್ಲ್‌ಸನ್ ಮೇಜು ಗುದ್ದಿದ್ದು ಲೋಕವೆಲ್ಲ ನೋಡಿತು. ಕೆಲವರು ಅಹಂಕಾರ ಅಂದರು. ಆದರೆ ಒಂದು ಗುದ್ದಿನಿಂದ ಯಾರ ಮನಸ್ಸನ್ನೂ ಅಳೆಯಲಾಗುವುದಿಲ್ಲ. ಆ ಕೂಟವನ್ನು ಕೊನೆಗೆ ಗೆದ್ದದ್ದು ಕಾರ್ಲ್‌ಸನ್ನೇ. ಸೋತ ಕ್ಷಣದ ಸಿಟ್ಟು ಎಷ್ಟು ಜೋರು ಅನ್ನುವುದಕ್ಕಿಂತ, ಅದು ಎಷ್ಟು ಹೊತ್ತು ಉಳಿಯಿತು, ಮುಂದಿನ ಆಟಕ್ಕೂ ಅಂಟಿಕೊಂಡು ಬಂತಾ ಅನ್ನುವುದು ಮುಖ್ಯ.

ನೋವಿಗಿಂತ ಜಾಸ್ತಿ ಸುಡುವುದು ನಾಚಿಕೆ

ಬ್ರಿಟನ್‌ನಲ್ಲಿ ಸಾಗರ್ ಮತ್ತು ಸ್ಟೋಬರ್ ಎಂಬ ಇಬ್ಬರು ಸಂಶೋಧಕರು ವಿಶ್ವವಿದ್ಯಾಲಯದ ಆಟಗಾರರ ಮೇಲೆ ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಪರ್ಫೆಕ್ಷನಿಸಂ, ಸೋಲಿನ ಭಯ ಮತ್ತು ಸೋತಾಗ ಹುಟ್ಟುವ ಭಾವನೆ, ಈ ಮೂರಕ್ಕೂ ಏನು ನಂಟು ಎಂದು ಅವರು ಹುಡುಕಿದರು. ಸಿಕ್ಕಿದ್ದು ಸರಳ, ಆದರೆ ಮುಖ್ಯವಾದ ಮಾತು. ಸೋಲಿನ ಭಯಗಳಲ್ಲೆಲ್ಲ ನಡುವೆ ಕೂತಿರುವುದು ನಾಚಿಕೆಯ ಭಯ, ಎಲ್ಲರೆದುರು ಮುಖಭಂಗವಾಗುತ್ತದೆ ಅನ್ನುವ ಭಯ. ತಪ್ಪುಗಳ ಬಗ್ಗೆ ಸದಾ ಚಿಂತಿಸುವವರಲ್ಲಿ, ಕೋಚ್ ತಮ್ಮ ಮೇಲೆ ವಿಪರೀತ ಒತ್ತಡ ಹಾಕುತ್ತಾರೆ ಎಂದುಕೊಂಡವರಲ್ಲಿ ಈ ಭಯ ಹೆಚ್ಚಿತ್ತು. ಸೋತ ಮೇಲಿನ ಸಂಕಟವೂ ಈ ಭಯದ ಹಾದಿಯಲ್ಲೇ ಬರುತ್ತಿತ್ತು. ಸುಮ್ಮನೆ ಎತ್ತರದ ಗುರಿ ಇಟ್ಟುಕೊಂಡವರ ಕಥೆ ಬೇರೆ. ಅವರಲ್ಲಿ ಗುರಿ ಜೋಡಿಕೊಂಡದ್ದು ಗೆದ್ದಾಗಿನ ಖುಷಿಯ ಜೊತೆ.

ಅಂದರೆ ಕೊಕ್ಕೆ ಇರುವುದು ಗುರಿಯ ಎತ್ತರದಲ್ಲಲ್ಲ. ಗುರಿ ತಪ್ಪಿದರೆ ಏನು ದಂಡ ತೆರಬೇಕು ಅನ್ನುವುದರಲ್ಲಿ.

ದಂಡ ವಿಧಿಸುವವರು ಯಾರು? ಕನ್ನಡದಲ್ಲಿ ಇದಕ್ಕೆ ಮೂರೇ ಪದದ ಉತ್ತರ ಇದೆ: 'ನೋಡಿದ ಜನ ಏನಂತಾರೆ?' ಹೆವಿಟ್ ಮತ್ತು ಫ್ಲೆಟ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು 1991ರಲ್ಲಿ ಪರ್ಫೆಕ್ಷನಿಸಂ ಎಲ್ಲಿಂದ ಬರುತ್ತದೆ, ಯಾರ ಕಡೆ ಹೋಗುತ್ತದೆ ಎಂಬುದರ ಮೇಲೆ ಮೂರು ಬಗೆ ಗುರುತಿಸಿದರು. ತಾನೇ ತನ್ನಿಂದ ಬಯಸುವುದು ಒಂದು. ಬೇರೆಯವರಿಂದ ಬಯಸುವುದು ಇನ್ನೊಂದು. ಮೂರನೆಯದು, ಜನ ನನ್ನಿಂದ ಕುಂದಿಲ್ಲದ್ದನ್ನೇ ಬಯಸುತ್ತಿದ್ದಾರೆ, ಇಲ್ಲವಾದರೆ ನನಗೆ ಬೆಲೆಯಿಲ್ಲ ಅನ್ನುವ ಅನಿಸಿಕೆ. ಮೂರರಲ್ಲಿ ಇದೇ ಹೆಚ್ಚು ಕಾಡುವಂಥದ್ದು. ಅಮೆರಿಕ, ಕೆನಡಾ, ಬ್ರಿಟನ್‌ಗಳ ಕಾಲೇಜು ವಿದ್ಯಾರ್ಥಿಗಳ 1989ರಿಂದ 2016ರವರೆಗಿನ ಮಾಹಿತಿಯನ್ನು ಕರನ್ ಮತ್ತು ಹಿಲ್ ಎಂಬ ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ ಮೂರೂ ಏರಿದ್ದವು. ಮೊದಲನೆಯದು 10 ಶೇಕಡಾ, ಎರಡನೆಯದು 16, ಈ ಮೂರನೆಯದು 33. ಅವರೆಲ್ಲ ಆಟಗಾರರಲ್ಲ, ಭಾರತದವರೂ ಅಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಸಾಕು.

ನೀರಜ್ ಅವರ 90 ಮೀಟರ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ಟೋಕಿಯೊದಲ್ಲಿ ಅವರು ಒಲಿಂಪಿಕ್ ಚಿನ್ನ ಗೆದ್ದದ್ದು 87.58 ಮೀಟರ್ ಎಸೆದು. ಚಿನ್ನ ಬಂದಾಯಿತು, ಆದರೆ ಪ್ರಶ್ನೆ ಬದಲಾಯಿತು: 90 ಯಾವಾಗ? 2022ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94 ಎಸೆದರು. ಆರು ಸೆಂಟಿಮೀಟರ್ ಕಮ್ಮಿ! ಅಲ್ಲಿಂದ ಮೂರು ವರ್ಷ ಎಲ್ಲಿ ಹೋದರೂ ಅದೇ ಪ್ರಶ್ನೆ. ಪ್ಯಾರಿಸ್‌ನಲ್ಲಿ 89.45 ಎಸೆದು ಬೆಳ್ಳಿ ತಂದಾಗಲೂ, ಆರು ಎಸೆತಗಳಲ್ಲಿ ಐದು ಫೌಲ್ ಆದವಲ್ಲ ಅನ್ನುವ ಕೊರಗೇ ಸುದ್ದಿಯಾಯಿತು. ಕೊನೆಗೆ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ 90.23 ಬಂತು. ಆ ದಿನ ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದುಬಿಟ್ಟರು, ನೀರಜ್ ಎರಡನೆಯವರಾದರು. 87.58ಕ್ಕೆ ಚಿನ್ನ, 90.23ಕ್ಕೆ ಎರಡನೇ ಸ್ಥಾನ! ಅಂಕಿಗೂ ಗೆಲುವಿಗೂ ಇರುವ ನಂಟು ಇಷ್ಟೇ. ಆದರೆ ಆ ಅಂಕಿಯ ಗೀಳು ಹಿಡಿದದ್ದು ನೀರಜ್‌ಗಿಂತ ನಮಗೇ ಜಾಸ್ತಿ ಅನಿಸುತ್ತದೆ.

ತಲೆ ಕೈಗೆ ಅಡ್ಡ ಬಂದಾಗ

ಸರಿ, ನಾಚಿಕೆಯ ಭಯ ಇದೆ ಎಂದಿಟ್ಟುಕೊಳ್ಳೋಣ. ಅದು ಆಟವನ್ನು ಕೆಡಿಸುವುದು ಹೇಗೆ?

ಮೆಟ್ಟಿಲು ಇಳಿಯುವಾಗ ಯಾವ ಕಾಲು ಎಲ್ಲಿಡಬೇಕು ಎಂದು ನಾವು ಯೋಚಿಸುವುದಿಲ್ಲ. ಯೋಚಿಸತೊಡಗಿದರೆ ಎಡವುತ್ತೇವೆ. ಪಳಗಿದ ಆಟಗಾರನ ಹೊಡೆತವೂ ಹಾಗೇ. ಸಾವಿರಾರು ಗಂಟೆ ಅಭ್ಯಾಸ ಮಾಡಿ ಅದನ್ನು ತಲೆಯಿಂದ ಮೈಗೆ ಇಳಿಸಿರುತ್ತಾರೆ. 'ಈಗ ತಪ್ಪಬಾರದು' ಎಂಬ ಭಯ ಹೊಕ್ಕ ಕೂಡಲೇ ಗಮನ ಶಟಲ್ ಬಿಟ್ಟು ಮಣಿಕಟ್ಟಿನ ಮೇಲೆ ಹೋಗುತ್ತದೆ. ಮೈ ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ತಲೆ ಮೇಸ್ತ್ರಿಯಾಗಿ ನಿಲ್ಲುತ್ತದೆ. ಕೆಲಸ ನಿಧಾನವಾಗುತ್ತದೆ, ತೊಡರುತ್ತದೆ. ಅದರಿಂದ ಒಂದು ತಪ್ಪಾಗುತ್ತದೆ. ಆ ತಪ್ಪು ಭಯವನ್ನು ಇನ್ನಷ್ಟು ಬೆಳೆಸುತ್ತದೆ. ಮತ್ತೊಂದು ತಪ್ಪು. ಹೀಗೆ ಎರಡು ನಿಮಿಷದಲ್ಲಿ ಒಂದು ಗೇಮೇ ಹೋಗಬಹುದು.

ಇನ್ನೊಂದು ದಾರಿಯೂ ಇದೆ. ತಪ್ಪಿಗೆ ಹೆದರಿದವರು ಗೆಲ್ಲಲು ಆಡುವುದನ್ನು ಬಿಟ್ಟು ಸೋಲದಿರಲು ಆಡತೊಡಗುತ್ತಾರೆ. ಹೊಡೆತ ಗೆರೆಯಿಂದ ಒಂದಡಿ ಒಳಗೆ ಬೀಳುತ್ತದೆ. ಎದುರಾಳಿಗೆ ಅಷ್ಟೇ ಬೇಕಾಗಿರುವುದು.

ಲಕ್ಷ್ಯ ಅವರಿಗೆ ಆ ಸಂಜೆ ಇದೇ ಆಯಿತು ಎಂದು ಹೇಳಲು ನಮಗೆ ಹಕ್ಕಿಲ್ಲ. ಲೀ ಜೊತೆಗಿನ ಪಂದ್ಯದಲ್ಲಿ ಅವರ ಕೈಯಿಂದ ರಕ್ತ ಒಸರುತ್ತಿತ್ತು. ಸೆಮಿಫೈನಲ್‌ನಲ್ಲಿ ಆಚೆ ಬದಿ ನಿಂತಿದ್ದವರು ಹಿಂದಿನ ಒಲಿಂಪಿಕ್ಸ್‌ನ ಚಿನ್ನ ಗೆದ್ದವರು. 20–17ರಿಂದ ಆಟ ತಿರುಗಿಸುವುದೂ ಒಂದು ಕಲೆ, ಅದರಲ್ಲಿ ಅಕ್ಸೆಲ್ಸನ್ ಪಳಗಿದವರು. ಟಿವಿ ಮುಂದೆ ಕೂತು ಒಬ್ಬರ ತಲೆಯೊಳಗೆ ಇಣುಕುವ ಚಟ ನಮಗೆ ಸ್ವಲ್ಪ ಜಾಸ್ತಿಯೇ ಇದೆ.

ಬಿಂದ್ರಾ ಕಾಲಡಿಯ ಸಡಿಲ ಟೈಲ್

'ಹಟ ಇಲ್ಲದೆ ಚಾಂಪಿಯನ್ ಆಗೋಕಾಗುತ್ತಾ?' ಎಂದು ಕೇಳುವವರು ಮೊದಲು ಎತ್ತುವ ಹೆಸರು ಶೂಟರ್ ಅಭಿನವ್ ಬಿಂದ್ರಾ. ಸರಿಯಾದ ಹೆಸರೇ. ಆದರೆ ಅವರ ಕಥೆ ಪೂರ್ತಿ ಕೇಳಿದರೆ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

2004ರ ಅಥೆನ್ಸ್‌ನಲ್ಲಿ ಬಿಂದ್ರಾ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 600ಕ್ಕೆ 597 ಹೊಡೆದು ಫೈನಲ್‌ಗೆ ಬಂದರು. ಫೈನಲ್‌ನಲ್ಲಿ ಎಂಟು ಜನರಲ್ಲಿ ಏಳನೆಯವರಾದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದೆ, ಆದರೂ ಗುಂಡು ಯಾಕೆ ದಾರಿ ತಪ್ಪಿತು ಅನ್ನುವುದು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿದದ್ದು, ಫೈನಲ್‌ನಲ್ಲಿ ಅವರು ನಿಂತಿದ್ದ ಜಾಗದ ಟೈಲ್ ಸಡಿಲವಾಗಿತ್ತು! ಕೂದಲೆಳೆ ಅಲುಗಿದರೂ ಪದಕ ಹೋಗುವ ಆಟದಲ್ಲಿ ಕಾಲ ಕೆಳಗಿನ ನೆಲವೇ ಅಲುಗುತ್ತಿತ್ತು.

ಇಲ್ಲಿ ಇಬ್ಬರು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳಬಹುದು. ಒಬ್ಬ, ಹಣೆಬರಹ ಎಂದು ಕೈಚೆಲ್ಲಬಹುದು. ಇನ್ನೊಬ್ಬ, ಮುಂದಿನ ಸಲ ಪ್ರತಿ ಟೈಲನ್ನೂ ತಟ್ಟಿ ನೋಡುತ್ತ ನಿದ್ದೆಗೆಡಬಹುದು. ಬಿಂದ್ರಾ ಮೂರನೆಯದನ್ನು ಮಾಡಿದರು. ಮನೆಯ ಶೂಟಿಂಗ್ ರೇಂಜಿನಲ್ಲಿ ಬೇಕೆಂದೇ ಸಡಿಲ ಟೈಲ್ ಹಾಕಿಸಿ ಅದರ ಮೇಲೆ ನಿಂತು ಗುರಿ ಕಟ್ಟುವುದನ್ನು ಕಲಿತರು. ಬೀಜಿಂಗ್‌ಗೆ ಮುಂಚೆ ಭಯದ ಜೊತೆ ಏಗುವುದನ್ನು ಕಲಿಯಲು ಜರ್ಮನಿಯಲ್ಲಿ ಎತ್ತರದ ಕಂಬ ಹತ್ತಿದರು. ಎಲ್ಲವೂ ಸರಿ ಇರುವ ದಿನಕ್ಕಾಗಿ ಅಲ್ಲ, ಏನಾದರೊಂದು ಕೆಡುವ ದಿನಕ್ಕಾಗಿ ಮಾಡಿದ ತಯಾರಿ ಅದು. 2008ರ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮುಂಚೆ ಅವರೂ ಫಿನ್ಲೆಂಡಿನ ಹೆನ್ರಿ ಹಾಕ್ಕಿನೆನ್‌ರೂ ಸಮಸಮ. ಹಾಕ್ಕಿನೆನ್ 9.7 ಹೊಡೆದು ಕಂಚಿಗೆ ಜಾರಿದರು. ಬಿಂದ್ರಾ 10.8. ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನ.

ಹಟ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. ಕುಂದಿಲ್ಲದ ಸ್ಥಿತಿ ಸಿಕ್ಕರೆ ಮಾತ್ರ ಗೆಲ್ಲಬಲ್ಲೆ ಎಂಬ ನಂಬಿಕೆಯನ್ನು ಮಾತ್ರ ಕೈಬಿಟ್ಟಿದ್ದರು.

ಈ ಕಥೆಗೆ ಬಾಲವೊಂದಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ತನ್ನ ಬದುಕಿನ ದೊಡ್ಡ ಮಾನಸಿಕ ಕುಸಿತ ಬಂದದ್ದು ಸೋತಾಗ ಅಲ್ಲ, ಗೆದ್ದ ಮೇಲೆ ಎಂದು ಬಿಂದ್ರಾ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಷ್ಟು ವರ್ಷ ಒಂದೇ ಗುರಿಗೆ ಬದುಕು ಕಟ್ಟಿಟ್ಟವರಿಗೆ ಅದು ಕೈಗೆ ಬಂದ ಮರುದಿನ ಬರೀ ಖಾಲಿ. 2023ರಲ್ಲಿ ವಿಶ್ವ ಚೆಸ್ ಕಿರೀಟ ಗೆದ್ದ ಚೀನಾದ ಡಿಂಗ್ ಲಿರೆನ್ ಕೂಡ ಗೆದ್ದ ಮೇಲೆ ಖಿನ್ನತೆಯೊಂದಿಗೆ ಏಗಿದರು.

ಭಯ ಬೇಕು ಅನ್ನುವವರ ವಾದ

ತಜ್ಞರಲ್ಲೂ ಒಮ್ಮತವಿಲ್ಲ. ಎತ್ತರದ ಗುರಿಯ ಹಟ, ತಪ್ಪಿನ ಚಿಂತೆಯಿಂದ ಬೇರೆಯಾಗಿ ನಿಂತರೆ ಒಳ್ಳೆಯದೇ ಎನ್ನುತ್ತಾರೆ ಸ್ಟೋಬರ್ ಅಂಥವರು. ಹೆವಿಟ್ ಮತ್ತು ಫ್ಲೆಟ್ ಇದನ್ನು ಒಪ್ಪುವುದಿಲ್ಲ. ಚೆನ್ನಾಗಿ ಮಾಡಬೇಕು ಅನ್ನುವುದು ಬೇರೆ, ಕುಂದೇ ಇರಬಾರದು ಅನ್ನುವುದು ಬೇರೆ. ಎರಡನೆಯದರಲ್ಲಿ ಆರೋಗ್ಯಕರವಾದ ಬಗೆಯೇ ಇಲ್ಲ ಎಂಬುದು ಅವರ ನಿಲುವು.

ಹಳೆಯ ತಲೆಮಾರಿನ ಕೋಚ್‌ಗಳ ವಾದ ಬೇರೆಯೇ. ಬೈಗುಳ ತಿಂದೇ ನಾವು ಬೆಳೆದದ್ದು, ಭಯ ಇದ್ದರೇ ಶಿಸ್ತು. ಇದರಲ್ಲಿ ಒಂದು ಲೆಕ್ಕದ ತಪ್ಪಿದೆ. ಬೈಗುಳ ತಿಂದು ಗೆದ್ದವರು ವೇದಿಕೆ ಮೇಲೆ ಕಾಣುತ್ತಾರೆ. ಅದೇ ಬೈಗುಳ ತಿಂದು 14ನೇ ವಯಸ್ಸಿಗೆ ರ‍್ಯಾಕೆಟ್ ಮೂಲೆಗೆಸೆದವರು ಯಾರ ಪಟ್ಟಿಯಲ್ಲೂ ಇಲ್ಲ. ಗೆದ್ದವರ ಭಯವನ್ನು ಮಾತ್ರ ಎಣಿಸಿದರೆ ಭಯವೇ ಗೆಲ್ಲಿಸಿತು ಅನಿಸುವುದು ಸಹಜ.

ಪ್ರಕಾಶ್ ಅವರನ್ನು ಈ ಗುಂಪಿಗೆ ಸೇರಿಸುವುದು ಮಾತ್ರ ಅನ್ಯಾಯ. ಆ ದಿನ ಅವರು, ನಮ್ಮಲ್ಲಿ ಮನಸ್ಸಿನ ತರಬೇತಿಗೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ ಎಂದೂ ಹೇಳಿದ್ದರು. ಸುದ್ದಿಯಲ್ಲಿ ಉಳಿದದ್ದು ಹೊಣೆಯ ಮಾತು, ಮರೆಯಾದದ್ದು ಇದು. ಆಟಗಾರ ಹೊಣೆ ಹೊರಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ಪಂದ್ಯ ಮುಗಿದ ಸಂಜೆ, ಮೈಕುಗಳ ಎದುರು ಹೇಳಿದ ಹೊಣೆಯ ಮಾತು ಆಟಗಾರನ ಕಿವಿಗೆ ನಾಚಿಕೆಯಾಗಿಯೇ ಬೀಳುತ್ತದೆ. ಅದೇ ಮಾತನ್ನು ವಾರ ಬಿಟ್ಟು, ಮುಚ್ಚಿದ ಬಾಗಿಲ ಹಿಂದೆ, ಪಂದ್ಯದ ವಿಡಿಯೊ ಮುಂದಿಟ್ಟುಕೊಂಡು ಹೇಳಿದ್ದರೆ ಅದು ಪಾಠ. ಅಶ್ವಿನಿ ತಕರಾರು ತೆಗೆದದ್ದು ಹೊಣೆಯ ಹಂಚಿಕೆ ಬಗ್ಗೆ. ಅವರದೂ ನ್ಯಾಯವೇ. ಸೋಲನ್ನು ಒಬ್ಬನೇ ಹೊರಬೇಕಾದಾಗಲೇ ನಾಚಿಕೆ ಅಷ್ಟು ಭಾರವಾಗುವುದು.

ಟೋಕಿಯೊದಿಂದ ಪ್ಯಾರಿಸ್‌ಗೆ

ಮನು ಭಾಕರ್ ಅವರ ಮೂರು ವರ್ಷ ನೋಡಿ. 2021ರ ಟೋಕಿಯೊದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತು ನಡೆಯುತ್ತಿದ್ದಾಗಲೇ ಅವರ ಪಿಸ್ತೂಲು ಕೆಟ್ಟಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಬಹಳ ಹೊತ್ತು ಹೋಗಿತ್ತು. ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆದು 575 ಗಳಿಸಿದರು. ಎರಡು ಅಂಕದಲ್ಲಿ ಫೈನಲ್ ತಪ್ಪಿತು, ಸಿಕ್ಕಿದ್ದು 12ನೇ ಸ್ಥಾನ. ಆಗಿನ್ನೂ 19 ವರ್ಷ. ಆ ಕೂಟದಲ್ಲಿ ಭಾರತದ 15 ಶೂಟರ್‌ಗಳಲ್ಲಿ ಒಬ್ಬರಿಗೂ ಪದಕ ಬರಲಿಲ್ಲ. ಸಿಟ್ಟು ಮಾತ್ರ ಎಲ್ಲರಿಗಿಂತ ಮನು ಮೇಲೆ ಜಾಸ್ತಿ ತಿರುಗಿತು.

ಆಟವನ್ನೇ ಬಿಡುವಷ್ಟು ಬೇಸತ್ತಿದ್ದ ಅವರು ಹಳೆಯ ಮನಸ್ತಾಪ ಮರೆತು ಕೋಚ್ ಜಸ್ಪಾಲ್ ರಾಣಾ ಬಳಿಗೆ ಮರಳಿದರು. ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಮೊದಲ ಕಂಚಿನ ನಂತರ ಅವರು ನೆನೆದದ್ದು ಗೀತೆಯನ್ನು: ಕೆಲಸದ ಮೇಲೆ ಗಮನ ಇಡು, ಫಲದ ಮೇಲಲ್ಲ. ನಮ್ಮ ಮನೆಗಳಲ್ಲಿ ಸವೆದುಹೋದ ಮಾತು ಅದು. ಆದರೆ ಮೇಲೆ ಹೇಳಿದ ಮೆಟ್ಟಿಲಿನ ಉದಾಹರಣೆ ನೆನಪಿದ್ದರೆ, ಅದು ಬರೀ ಉಪದೇಶ ಅಲ್ಲ, ಗಮನ ಎಲ್ಲಿರಬೇಕು ಅನ್ನುವ ನೇರ ಸೂಚನೆ ಎಂದು ತಿಳಿಯುತ್ತದೆ. ಮೂರನೇ ಪದಕ ಒಂದು ಸ್ಥಾನದಲ್ಲಿ ತಪ್ಪಿ 25 ಮೀಟರ್ ಪಿಸ್ತೂಲಿನಲ್ಲಿ ಅವರು 4ನೆಯವರಾದರು.

ಆ ನಾಲ್ಕನೇ ಸ್ಥಾನ ಪ್ಯಾರಿಸ್‌ನಲ್ಲಿ ಭಾರತಕ್ಕೆ ಆರು ಸಲ ಬಂತು. ಬಂದ ಪದಕಗಳೂ ಆರೇ. 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಪಿ.ಟಿ. ಉಷಾ: ನಾಲ್ಕನೇ ಸ್ಥಾನದ ಸಂಕಟ ನಮಗೆ ಹಳೆಯ ನೆಂಟ. ಆದರೂ ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ನಾವಿನ್ನೂ ಕಲಿತಿಲ್ಲ.

ಇದು ಎಲ್ಲಿಗೆ ಹೋಗಬಹುದು

ಇನ್ನು ಮುಂದೆ ನಿರೀಕ್ಷೆ ಇಳಿಯುವುದಿಲ್ಲ, ಏರುತ್ತದೆ. 2028ರ ಲಾಸ್ ಏಂಜಲೀಸ್ ಇದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬರುತ್ತಿದೆ. 2036ರ ಒಲಿಂಪಿಕ್ಸ್ ನಡೆಸುವ ಆಸೆಯೂ ಇದೆ. ಖರ್ಚು ಜಾಸ್ತಿಯಾದಷ್ಟೂ 'ಇಷ್ಟು ಕೊಟ್ಟಿದ್ದೀವಿ, ಪದಕ ಎಲ್ಲಿ?' ಅನ್ನುವ ಪ್ರಶ್ನೆ ಗಟ್ಟಿಯಾಗುತ್ತದೆ. ಸಾರ್ವಜನಿಕ ದುಡ್ಡಿಗೆ ಲೆಕ್ಕ ಕೇಳುವುದು ಸರಿಯೇ. ಲೆಕ್ಕವನ್ನು ಸೋತ ಆಟಗಾರ ಕೋರ್ಟಿನಿಂದ ಹೊರಬರುವ ಹೊತ್ತಿಗೇ ಕೇಳಿದರೆ ಕೆಲವು ಪರಿಣಾಮಗಳಂತೂ ಖಚಿತ. ಗಾಯ ಇದ್ದರೂ ಮುಚ್ಚಿಡುವವರು ಹೆಚ್ಚುತ್ತಾರೆ. ಹೊಸ ಹೊಡೆತ ಕಲಿಯಲು ಹೋಗಿ ಒಂದೆರಡು ಕೂಟ ಸೋಲುವ ಧೈರ್ಯ ಯಾರಿಗೂ ಇರುವುದಿಲ್ಲ. ಮನಸ್ಸು ಸರಿಯಿಲ್ಲ ಎಂದು ಹೇಳಿಕೊಳ್ಳುವುದು ತಂಡದಿಂದ ಹೊರಬೀಳುವ ದಾರಿ ಎನಿಸತೊಡಗುತ್ತದೆ.

ಬೇರೆ ದಾರಿ ಇಲ್ಲದೇ ಇಲ್ಲ. ಟೋಕಿಯೊದಲ್ಲಿ ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂದೇ ತಿಳಿಯದಂತಾಗಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಅಮೆರಿಕದಲ್ಲೂ 'ಹೇಡಿ' ಎಂದವರಿದ್ದರು. ಅವರು ಬಿಡುವು ತೆಗೆದುಕೊಂಡು ಮರಳಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಆಟ ಗೊತ್ತಿರುವ ಮನಶ್ಶಾಸ್ತ್ರಜ್ಞರು ಒಲಿಂಪಿಕ್ಸ್‌ಗೆ ಮೂರು ತಿಂಗಳ ಮುಂಚೆ ಅಲ್ಲ, ಜೂನಿಯರ್ ಹಂತದಲ್ಲೇ ಜೊತೆಗಿರಬೇಕು. ಗುಕೇಶ್ 2024ರ ವಿಶ್ವ ಚಾಂಪಿಯನ್‌ಶಿಪ್‌ಗೆ ಮನಸ್ಸಿನ ತರಬೇತಿ ಕೊಡುವ ಪ್ಯಾಡಿ ಅಪ್ಟನ್ ಜೊತೆ ತಯಾರಾಗಿದ್ದರು. ಮೊದಲ ಆಟವನ್ನೇ ಸೋತೂ 14 ಆಟಗಳ ಕೊನೆಗೆ ಗೆದ್ದರು. ಅದರಲ್ಲಿ ಅಪ್ಟನ್ ಪಾಲೆಷ್ಟು ಎಂದು ಅಳೆಯಲಾಗದು, ಆದರೆ ಮೊದಲ ಸೋಲು ಎರಡನೇ ಆಟಕ್ಕೆ ಅಂಟಿಕೊಂಡು ಬರಲಿಲ್ಲ ಅನ್ನುವುದು ಎಲ್ಲರಿಗೂ ಕಂಡಿತು.

ಪ್ಯಾರಿಸ್ ನಂತರ ಲಕ್ಷ್ಯ ಅವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಏರಿಳಿತವೇ. 2025ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಜಪಾನಿನ ಯೂಶಿ ತನಾಕಾ ಅವರನ್ನು 21–15, 21–11ರಲ್ಲಿ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು, ಆ ವರ್ಷದ ಅವರ ಮೊದಲ ಪ್ರಶಸ್ತಿ. ಕೊನೆಯ ಪಾಯಿಂಟ್ ಬಿದ್ದ ಮೇಲೆ ಅವರು ಕಿರುಚಲಿಲ್ಲ, ಮಂಡಿಯೂರಲಿಲ್ಲ. ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ನಿಂತರು.